ತಿರುವಲ್ಲಿ ಥ್ರಾಟಲ್ ನಯವಾಗಿ ಕೊಡೋದು ಹೇಗೆ

ಬೈಕ್ ವಾಲಿಸಿ ತಿರುವಿನೊಳಗೆ ಹೋದ್ಮೇಲೆ ಸ್ಪೀಡ್ ಜಾಸ್ತಿ ಆಯ್ತು ಅನ್ಸಿದ ತಕ್ಷಣ ಥ್ರಾಟಲ್ (ಬಲಗೈಲಿ ತಿರುಗಿಸೋ ಆಕ್ಸಿಲರೇಟರ್) ಪಟ್ ಅಂತ ಬಿಟ್ಬಿಡೋದು, ಗಾಡಿ ಎಳೀತಿಲ್ಲ ಅಂತ ಮತ್ತೆ ಕೊಡೋದು, ಮತ್ತೆ ಬಿಡೋದು. ಹೊಸಬರಷ್ಟೇ ಅಲ್ಲ, ವರ್ಷಗಟ್ಲೆ ಓಡಿಸಿರೋರೂ ಇದನ್ನ ಮಾಡ್ತಾರೆ. ತಿರುವಲ್ಲಿ ಗಾಡಿ ಅಲ್ಲಾಡಿದ್ರೆ ಎಲ್ರೂ ಮೊದ್ಲು ಟೈರ್ ಬೈತಾರೆ, ಆಮೇಲೆ ಸಸ್ಪೆನ್ಷನ್, ಆದ್ರೆ ಬಹಳ ಸಲ ಕಾರಣ ಬಲಗೈಲೇ ಇರತ್ತೆ.

ಥ್ರಾಟಲ್ ಬಿಟ್ರೆ ಎಂಜಿನ್ ಬ್ರೇಕಿಂಗ್ (ಎಂಜಿನ್ನೇ ಗಾಡಿನ ಹಿಡಿದು ನಿಧಾನ ಮಾಡೋದು) ಶುರುವಾಗಿ ಭಾರ ಮುಂದಕ್ಕೆ ಬರತ್ತೆ, ಮುಂದಿನ ಫೋರ್ಕ್ ಕುಗ್ಗತ್ತೆ, ಫುಟ್‌ರೆಸ್ಟ್ ನೆಲಕ್ಕೆ ಇನ್ನೂ ಹತ್ರ ಬರತ್ತೆ, ಮೊದ್ಲೇ ತಿರುಗಿಸೋ ಕೆಲಸ ಮಾಡ್ತಿರೋ ಮುಂದಿನ ಟೈರ್ ಮೇಲೆ ಇನ್ನಷ್ಟು ಹೊರೆ ಬೀಳತ್ತೆ. ಸ್ವಲ್ಪ ಕೊಟ್ರೆ ಆ ಹೊರೆ ಹಿಂದಕ್ಕೆ ಹೋಗತ್ತೆ, ಹಿಂದಿನ ಟೈರ್ ಸಾಮಾನ್ಯವಾಗಿ ಅಗಲ ಜಾಸ್ತಿ, ತಡ್ಕೊಳತ್ತೆ. ಇನ್ನೊಂದು ವಿಷಯ ಏನಂದ್ರೆ ವಾಲಿರೋ ಗಾಡಿ ತಾನಾಗೇ ಸ್ಪೀಡ್ ಕಳ್ಕೊಳತ್ತೆ, ಅಂದ್ರೆ ಇದ್ದ ಸ್ಪೀಡ್ ಉಳಿಸ್ಕೊಳಕ್ಕೂ ಸ್ವಲ್ಪ ಥ್ರಾಟಲ್ ಬೇಕೇ ಬೇಕು. ಹಾಗಂತ ಜಾಸ್ತಿ ಕೊಟ್ರೆ ಗಾಡಿ ಹೊರಗಡೆ ಸರಿಯತ್ತೆ, ಇಲ್ಲಾ ಹಿಂದಿನ ಚಕ್ರ ಜಾರತ್ತೆ.

ಹಾಗಾಗಿ ಸ್ಪೀಡ್ ಕಮ್ಮಿ ಮಾಡೋದು, ಗೇರ್ ಇಳಿಸೋದು ಎಲ್ಲಾ ವಾಲಿಸೋಕೆ ಮುಂಚೆನೇ ಮುಗೀಬೇಕು. ಇದ್ರಲ್ಲಿ ಜಿಪುಣತನ ಬೇಡ. 40 ಕಿ.ಮೀ. ಸ್ಪೀಡಲ್ಲಿ ಹೋಗೋ ತಿರುವಿಗೆ 48ರಲ್ಲಿ ನುಗ್ಗಿದ್ರೆ ಹೆಚ್ಚಾಗಿದ್ದು ಬರೀ 8 ಅನ್ಸತ್ತೆ, ಆದ್ರೆ ಅದೇ ಗೆರೇಲಿ ತಿರುಗಕ್ಕೆ ಟೈರಿಂದ ಬೇಕಾಗೋ ಹಿಡಿತ ಸ್ಪೀಡಿನ ವರ್ಗದ ಲೆಕ್ಕದಲ್ಲಿ ಏರತ್ತೆ, ಅಂದ್ರೆ 44 ಪರ್ಸೆಂಟ್ ಜಾಸ್ತಿ. ನಿಧಾನವಾಗಿ ಒಳಗೆ ಹೋದವರಿಗೆ ಮಾತ್ರ ಥ್ರಾಟಲ್ ನಯವಾಗಿ ಕೊಡೋ ಧೈರ್ಯ ಬರೋದು.

ಈಗ ನಿಜವಾದ ಕಷ್ಟ. ಪೂರ್ತಿ ಮುಚ್ಚಿರೋ ಥ್ರಾಟಲ್‌ನ ಮೊದಲ ಸಲ ತೆರೆಯೋ ಆ ಕ್ಷಣ. ಮುಚ್ಚಿದಾಗ ಚೈನಿನ ಮೇಲ್ಭಾಗ ಸಡಿಲ ಇರತ್ತೆ, ತೆರೆದ ಕೂಡ್ಲೇ ಅದು ಬಿಗಿಯಾಗತ್ತೆ, ಗೇರ್‌ಗಳ ಮಧ್ಯ ಇರೋ ಸಂದು ಮುಚ್ಕೊಳತ್ತೆ, ಇದೆಲ್ಲಾ ಒಟ್ಟಿಗೆ ಆಗಿ ಒಂದು ಜರ್ಕ್ ಬರತ್ತೆ, ನೇರ ರಸ್ತೇಲಿ ಗೊತ್ತಾಗದ ಆ ಜರ್ಕ್ ವಾಲಿದಾಗ ಇಡೀ ಗಾಡೀನೇ ಕದಲಿಸತ್ತೆ. ಅದಕ್ಕೆ ಮಾಡ್ಬೇಕಾದ್ದು ಇಷ್ಟು: ಗಾಡಿ ಬೇಕಾದಷ್ಟು ವಾಲಿ, ಹೋಗ್ಬೇಕಾದ ಗೆರೆ ಹಿಡೀತು ಅಂತ ಗೊತ್ತಾದ ತಕ್ಷಣ ಮೊದ್ಲು ಕೇಬಲ್ಲಿನ ಸಡಿಲ ಮಾತ್ರ ತಿರುಗಿಸಿ ತೆಗೀರಿ, ಎಂಜಿನ್ ಎಳೆಯಕ್ಕೆ ಶುರು ಮಾಡೋ ಜಾಗ ಬೆರಳಿಗೆ ಗೊತ್ತಾಗತ್ತೆ, ಅಲ್ಲೊಂದು ಗಳಿಗೆ ನಿಲ್ಲಿ, ಆಮೇಲೆ ನಿಧಾನಕ್ಕೆ ಏರಿಸ್ತಾ ಹೋಗಿ. ಒಂದ್ಸಲ ತೆರೆದ್ಮೇಲೆ ತಿರುವು ಮುಗಿಯೋವರೆಗೂ ಒಂದೇ ಸಮ ಏರ್ತಾ ಇರ್ಬೇಕು, ನಡುವೆ ಹಿಂದೆ ಮುಂದೆ ಆಡಿಸ್ಬಾರ್ದು. ಗಾಡಿ ನೆಟ್ಟಗಾಗ್ತಾ ಬಂದ ಹಾಗೆ ಇನ್ನೂ ಧಾರಾಳವಾಗಿ ಕೊಡ್ಬೋದು. ಮುಂದೆ ರಸ್ತೆ ಎಲ್ಲಿ ಕಣ್ಮರೆ ಆಗತ್ತೋ ಅಲ್ಲೇ ಕಣ್ಣಿಡಿ, ಆ ಜಾಗ ದೂರ ಸರೀತಾ ಹೋದ್ರೆ ತಿರುವು ಬಿಚ್ಕೊಳ್ತಿದೆ ಅಂತ, ಹತ್ರ ಬರ್ತಿದ್ರೆ ಇನ್ನೂ ಬಿಗಿಯಾಗ್ತಿದೆ, ಆಗ ಏರಿಸ್ಬೇಡಿ.

ಇಷ್ಟು ಸಣ್ಣ ಚಲನೆ ಮಾಡಕ್ಕೆ ಕೈ ಸಡಿಲ ಇರ್ಬೇಕು. ಹ್ಯಾಂಡಲ್ ಹಿಡ್ಕೊಂಡು ನೇತಾಡೋರಿಗೆ ಇದು ಸಾಧ್ಯನೇ ಇಲ್ಲ, ರಸ್ತೇಲಿ ಒಂದು ಗುಂಡಿ ಸಿಕ್ರೆ ಸಾಕು ಮೈ ಜೊತೆ ಕೈಯೂ ಕುಲುಕಿ ಥ್ರಾಟಲ್ ತಿರುಗತ್ತೆ. ಮೊಣಕಾಲಲ್ಲಿ ಟ್ಯಾಂಕ್ ಬಿಗಿಯಾಗಿ ಹಿಡೀರಿ, ಮೊಣಕೈ ಸ್ವಲ್ಪ ಮಡಚಿ ಕೆಳಗೆ ಬಿಡಿ, ಗ್ರಿಪ್‌ನ ಸ್ಕ್ರೂಡ್ರೈವರ್ ಹಿಡಿಯೋ ಥರ ಓರೆಯಾಗಿ ಹಿಡೀರಿ, ಹೆಬ್ಬೆರಳೋ ತೋರುಬೆರಳೋ ಸ್ವಿಚ್ ಬಾಕ್ಸಿಗೆ ತಾಗಿಸಿ ಇಟ್ರೆ ಕೈಗೊಂದು ಆಧಾರ ಸಿಗತ್ತೆ.

ಗಾಡೀನೂ ಒಂದ್ಸಲ ನೋಡ್ಕೊಳಿ. ಚೈನ್ ತೀರಾ ಸಡಿಲ ಇದ್ರೆ, ಥ್ರಾಟಲ್ ಕೇಬಲ್ಲಲ್ಲಿ ಆಟ ಜಾಸ್ತಿ ಇದ್ರೆ, ಹಿಂದಿನ ಚಕ್ರದ ಹಬ್ ರಬ್ಬರ್ (ಚೈನಿನ ಎಳೆತದ ಜರ್ಕ್ ಹೀರ್ಕೊಳೋ ರಬ್ಬರ್ ತುಂಡುಗಳು) ಸವೆದಿದ್ರೆ ಎಷ್ಟು ನಯವಾದ ಕೈಯಾದ್ರೂ ಜರ್ಕ್ ತಪ್ಪಲ್ಲ. ಎಷ್ಟು ಸಡಿಲ ಇರ್ಬೇಕು ಅನ್ನೋ ಅಳತೆ ಗಾಡಿಯ ಮ್ಯಾನುಯಲ್ಲಲ್ಲಿರತ್ತೆ. ತೀರಾ ನಿಧಾನದ ಹೇರ್‌ಪಿನ್ನಲ್ಲಿ (ಪೂರ್ತಿ ಹಿಂದಕ್ಕೆ ತಿರುಗೋ ಕಡಿದಾದ ತಿರುವಲ್ಲಿ) ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿಟ್ಕೊಂಡು ಅದರ ಎದುರಿಗೆ ಥ್ರಾಟಲ್ ಕೊಟ್ರೆ ಚೈನ್ ಬಿಗಿಯಾಗೇ ಇರತ್ತೆ, ಗಾಡಿ ಎಗರಲ್ಲ. ಮಳೇಲಿ ಒಂದು ಗೇರ್ ಮೇಲಿಟ್ಕೊಳೋದು ಒಳ್ಳೇದು, ಎಳೆತ ಮೃದು ಆಗತ್ತೆ.

ಸ್ಪೀಡ್ ಜಾಸ್ತಿ ಆಯ್ತು ಅಂತ ತಿರುವಿನ ನಡುವೆ ಗೊತ್ತಾದ್ರೆ ದಯವಿಟ್ಟು ಥ್ರಾಟಲ್ ಒಂದೇ ಸಲ ಬಿಡ್ಬೇಡಿ. ಕಣ್ಣು ರಸ್ತೆ ಮುಗಿಯೋ ಕಡೆ ಇರ್ಲಿ, ತಿರುವಿನ ಒಳಗಡೆ ಇರೋ ಹ್ಯಾಂಡಲ್ (ಎಡ ತಿರುವಲ್ಲಿ ಎಡದ್ದು, ಬಲ ತಿರುವಲ್ಲಿ ಬಲದ್ದು) ಮುಂದಕ್ಕೆ ಒತ್ತಿ ಇನ್ನಷ್ಟು ವಾಲಿಸಿ, ಕಮ್ಮಿ ಮಾಡ್ಲೇಬೇಕಾದ್ರೆ ಏರಿಸಿದಷ್ಟೇ ನಿಧಾನಕ್ಕೆ ಇಳಿಸಿ, ಮೆಲ್ಲಗೆ ಇಳಿಸಿದ್ರೆ ಗಾಡಿ ಒಳಗಡೆಗೇ ತಿರುಗತ್ತೆ. ಹಿಂದಿನ ಚಕ್ರ ಜಾರಿದಾಗ್ಲೂ ಹೀಗೇ, ಆಗ ಥಟ್ ಅಂತ ಮುಚ್ಚಿದ್ರೆ ಟೈರ್ ಒಮ್ಮೆಲೇ ಹಿಡ್ಕೊಂಡು ಸವಾರನ್ನ ಮೇಲಿಂದ ಎಸೀಬೋದು.

ಅಭ್ಯಾಸಕ್ಕೆ ಖಾಲಿ ಮೈದಾನ ಹುಡುಕಿ, ಡಾಂಬರೋ ಕಾಂಕ್ರೀಟೋ ಹಾಕಿರೋದು, ಮಣ್ಣು ಮರಳು ಇರ್ಬಾರ್ದು. ಎರಡನೇ ಗೇರಲ್ಲಿ ದೊಡ್ಡ ವೃತ್ತ ಸುತ್ತಿ, ಎಂಜಿನ್ ಸದ್ದು ಒಂದೇ ಸಮ ಇರೋ ಹಾಗೆ. ಅದು ಕೂತ್ಮೇಲೆ ಥ್ರಾಟಲ್ ಕೂದಲೆಳೆಯಷ್ಟು ಇಳಿಸಿ ನೋಡಿ, ವೃತ್ತ ಚಿಕ್ಕದಾಗತ್ತೆ, ಏರಿಸಿದ್ರೆ ದೊಡ್ಡದಾಗತ್ತೆ. ಎರಡೂ ದಿಕ್ಕಲ್ಲಿ ಮಾಡಿ, ಬಲಕ್ಕೆ ತಿರುಗುವಾಗ ಮಣಿಕಟ್ಟು ಮಡಚ್ಕೊಳೋದ್ರಿಂದ ಸುಮಾರು ಜನಕ್ಕೆ ಆ ಕಡೆನೇ ಕಷ್ಟ.