ವೇಡರ್ ಅಗ್ಗದ್ದೇ ಇರಲಿ, ಬೂಟು ಗಟ್ಟಿ ಇರಲಿ

ತೀರ್ಥಹಳ್ಳಿ ಕಡೆ ಅಪ್ಪ ಲುಂಗಿ ಎತ್ತಿ ಕಟ್ಟಿ, ಬರಿಗಾಲಲ್ಲೇ ತುಂಗೆಗೆ ಇಳಿದು ಗಾಳ ಹಾಕುತ್ತಿದ್ದರು. ನಾನೀಗ ಇರುವ ಅಮೆರಿಕದ ಮಿಶಿಗನ್ನಿನಲ್ಲಿ ಅದಾಗದು. ಇಲ್ಲಿನ ಬಹುತೇಕ ಟ್ರೌಟ್ ಮೀನಿನ ಹೊಳೆಗಳು ಮೀನುಗಾರಿಕೆಗೆ ತೆರೆಯುವುದು ಏಪ್ರಿಲ್‌ ಕೊನೆಯ ಶನಿವಾರ; ಆಗಿನ್ನೂ ನೀರು ಮೂಳೆ ಕೊರೆಯುತ್ತಿರುತ್ತದೆ. ವೇಡರ್, ಅಂದರೆ ಎದೆಮಟ್ಟ ಬರುವ, ನೀರು ಒಳಗೆ ಬಿಡದ ಪ್ಯಾಂಟು ಬೇಕೇ ಬೇಕು.

ಮೊದಲ ವೇಡರನ್ನು ನಾನು ರಿಯಾಯಿತಿ ನೋಡಿ ತಂದೆ. ಗಂಡಸರ ಸ್ಮಾಲ್. ಎತ್ತರಕ್ಕೆ ಸರಿಯಿತ್ತು, ಸೊಂಟದ ಹತ್ತಿರ ಬಿಗಿ. ಮೂರನೇ ಸಲ ಹೋದಾಗ ಓಸೇಬಲ್ ನದಿಯಲ್ಲಿ ಅಡ್ಡ ಬಿದ್ದಿದ್ದ ಸೀಡರ್ ಮರ ದಾಟಲು ಕಾಲೆತ್ತಿದೆ, ತೊಡೆಸಂದಿಯ ಹೊಲಿಗೆ ಬಿಟ್ಟುಕೊಂಡಿತು. ಗ್ರೇಲಿಂಗ್‌ ಊರಿನಲ್ಲಿ ನಿಲ್ಲಿಸಿದ್ದ ಕಾರಿಗೆ ನಡುಗುತ್ತಾ ವಾಪಸಾದೆ. ಹಾಗಾಗಿ ಬೆಲೆಗಿಂತ ಮೊದಲು ಅಳತೆ. ಗೋಡೆಗೆ ಬೆನ್ನು ಕೊಟ್ಟು ಬರಿಗಾಲಲ್ಲಿ ನಿಂತು, ತೊಡೆಸಂದಿಯಿಂದ ನೆಲದವರೆಗೆ ಟೇಪ್ ಹಿಡಿಸಿ. ಎದೆ, ಸೊಂಟ, ಪಾದ ಮೂರನ್ನೂ ಬರೆದಿಟ್ಟುಕೊಳ್ಳಿ. ವೇಡರ್ ಬಂದ ದಿನವೇ ಒಳಗೆ ದಪ್ಪ ಪ್ಯಾಂಟು ಹಾಕಿಕೊಂಡು ಅದನ್ನು ತೊಟ್ಟು, ಒಂದು ಕಾಲನ್ನು ಕುರ್ಚಿಯ ಮೇಲಿಡಿ, ಕುಕ್ಕರಗಾಲಲ್ಲಿ ಕೂರಿ. ಎಲ್ಲಾದರೂ ಎಳೆದರೆ ವಾಪಸು ಕಳಿಸಿ. ನನ್ನ ಹಾಗೆ 5 ಅಡಿ 2 ಇಂಚಿನ ಹೆಂಗಸರು ಹೆಂಗಸರ ಅಳತೆಯದನ್ನೇ ಹುಡುಕಿ, ಹತ್ತಿಪ್ಪತ್ತು ಡಾಲರ್ ಹೆಚ್ಚಾದರೂ ಪರವಾಗಿಲ್ಲ.

ನಡೆದು ಮೀನು ಹಿಡಿಯುವವರಿಗೆ ಬೆವರು ಹೊರಬಿಡುವ ಬಟ್ಟೆಯ ಸ್ಟಾಕಿಂಗ್‌ಫುಟ್ ವೇಡರ್ ಸಾಕು. ಪಾದದ ಜಾಗದಲ್ಲಿ ರಬ್ಬರ್ ಸಾಕ್ಸಿನಂಥದ್ದಿರುತ್ತದೆ, ಬೂಟು ಬೇರೆ ಕೊಳ್ಳಬೇಕು. ನನ್ನ ಈಗಿನದಕ್ಕೆ 130 ಡಾಲರ್ ಕೊಟ್ಟೆ. ಚಳಿಗೆ ಒಳಗೆ ಉಣ್ಣೆ ಪ್ಯಾಂಟು ಹಾಕುತ್ತೇನೆ. ನಮ್ಮವರು ನವೆಂಬರಿನಲ್ಲಿ ಸಹೋದ್ಯೋಗಿಗಳ ಜೊತೆ ಸ್ಯಾಗಿನಾ ಕೊಲ್ಲಿಗೆ ಬಾತುಬೇಟೆಗೆ ಹೋಗುತ್ತಾರೆ. ಅಲ್ಲಿನ ಲೆಕ್ಕವೇ ಬೇರೆ. ಕೆಸರಲ್ಲಿ ಗಂಟೆಗಟ್ಟಲೆ ಅಲ್ಲಾಡದೆ ನಿಲ್ಲಬೇಕು. 5 ಮಿಲಿಮೀಟರ್ ನಿಯೋಪ್ರೀನಿನ (ಬೆಚ್ಚಗಿಡುವ ದಪ್ಪ ರಬ್ಬರಿನ), ಬೂಟು ಅಂಟಿಕೊಂಡೇ ಇರುವ ಬೂಟ್‌ಫುಟ್ ಅವರಿಗೆ ಸರಿ, ಲೇಸಿಗೆ ಕೆಸರು ಮೆತ್ತುವ ಕಾಟವಿಲ್ಲ. ಅದನ್ನೇ ಜೂನಿನಲ್ಲಿ ಹಾಕಿಕೊಂಡರೆ ಒಳಗೆಲ್ಲ ಬೆವರಿನಲ್ಲೇ ನೆನೆಯುತ್ತೀರಿ.

ಕೈ ಬಿಗಿಹಿಡಿಯಬಾರದ್ದು ಬೂಟಿನ ವಿಷಯದಲ್ಲಿ. ವೇಡರ್ ತೂತಾದರೆ ಒದ್ದೆಯಾಗುತ್ತೀರಿ, ಕಾಲು ಜಾರಿದರೆ ಹೊಳೆಗೇ ಬೀಳುತ್ತೀರಿ. ವೇಡರಿನ ಸಾಕ್ಸ್, ಅದರೊಳಗೆ ಉಣ್ಣೆ ಸಾಕ್ಸ್ ಎರಡೂ ಹಿಡಿಸಬೇಕು, ಅದಕ್ಕೆ ಒಂದು ಸೈಜ್ ದೊಡ್ಡದು ತಗೊಳ್ಳಿ. ಬೆರಳು ಒತ್ತಿದರೆ ರಕ್ತ ಓಡದೆ ಪಾದ ಮರಗಟ್ಟುತ್ತದೆ. ಪಾಚಿಗಲ್ಲಿನ ಮೇಲೆ ಫೆಲ್ಟ್ ಅಟ್ಟೆ (ಒತ್ತಿ ಮಾಡಿದ ಕಂಬಳಿಯಂಥ ಬಟ್ಟೆಯ ಅಟ್ಟೆ) ಚೆನ್ನಾಗಿ ಹಿಡಿಯುತ್ತದೆ ನಿಜ, ಆದರೆ ನಾನು ಕೊಳ್ಳುವುದಿಲ್ಲ. ಅದು ಬೇಗ ಒಣಗದು. ಒಂದು ಹೊಳೆಯ ಪಾಚಿ, ಹುಳುವನ್ನು ಇನ್ನೊಂದಕ್ಕೆ ಹೊತ್ತೊಯ್ಯುತ್ತದೆ. ಹೀಗೆ ಹೊರಗಿನಿಂದ ಬಂದು ಹರಡುವ ನ್ಯೂಜಿಲೆಂಡಿನ ಮಣ್ಣು ಬಸವನಹುಳು 2016ರಲ್ಲಿ ನಮ್ಮ ಓಸೇಬಲ್‌ನಲ್ಲೂ ಕಂಡಿತು. ಅದನ್ನು ಓದಿದ ದಿನ ನನಗೆ ನಿಜಕ್ಕೂ ಸಂಕಟವಾಯಿತು. ಮೇರಿಲ್ಯಾಂಡ್ 2011ರಲ್ಲಿ, ಅಲಾಸ್ಕಾ 2012ರಲ್ಲಿ, ಯೆಲ್ಲೋಸ್ಟೋನ್ ಉದ್ಯಾನ 2018ರಲ್ಲಿ ಫೆಲ್ಟ್ ನಿಷೇಧಿಸಿವೆ. ರಬ್ಬರ್ ಅಟ್ಟೆ ತಗೊಂಡು, ಜಾರುವ ಕಲ್ಲಿದ್ದ ಕಡೆಗೆ ಕಾರ್ಬೈಡ್ ಮೊಳೆ ತಿರುಗಿಸಿ ಹಾಕಿಕೊಳ್ಳಿ. ಓಸೇಬಲ್‌ನ ತಳ ಹೆಚ್ಚಾಗಿ ಮರಳು, ಗರಸು, ಮೊಳೆಯಿಲ್ಲದೆ ನಡೆಯುತ್ತದೆ. ಮೊಳೆ ಬೂಟಿನಲ್ಲಿ ಯಾರದೇ ಮರದ ದೋಣಿ ಹತ್ತಬೇಡಿ.

ಸೊಂಟದ ಬೆಲ್ಟನ್ನು ಬಿಗಿಯಾಗಿ ಕಟ್ಟದೆ ನೀರಿಗಿಳಿಯಬಾರದು, ಬಿದ್ದರೆ ಒಳಗೆ ನೀರು ನುಗ್ಗುವುದನ್ನು ತಡೆಯುವುದು ಅದೇ. ನೀರು ತುಂಬಿದ ವೇಡರ್ ನಿಮ್ಮನ್ನು ತಳಕ್ಕೆಳೆಯುವುದಿಲ್ಲ, ಆದರೆ ದಡ ಹತ್ತುವಾಗ ಆ ನೀರಿನ ಭಾರವೆಲ್ಲ ಕಾಲಿನ ಮೇಲೇ ಬೀಳುತ್ತದೆ.

ಸೆಕೆಂಡ್‌ಹ್ಯಾಂಡ್ ಬೂಟು ಕೊಳ್ಳಬಹುದು, ವೇಡರ್ ಬೇಡ. ನಿಮ್ಮದೇ ವೇಡರ್ ಸೋರಿದರೆ ಎಸೆಯಬೇಡಿ. ಒಳಮೈ ಹೊರಗೆ ತಿರುಗಿಸಿ ರಬ್ಬಿಂಗ್ ಆಲ್ಕೋಹಾಲ್ (ಔಷಧದಂಗಡಿಯ ಸ್ಪಿರಿಟ್) ಚಿಮುಕಿಸಿ, ತೂತಿದ್ದಲ್ಲಿ ಕಪ್ಪು ಚುಕ್ಕೆ ಕಾಣುತ್ತದೆ. ನಿಯೋಪ್ರೀನಿಗಾದರೆ ಕತ್ತಲಕೋಣೆಯಲ್ಲಿ ಒಳಗಿನಿಂದ ಟಾರ್ಚ್ ಹಿಡಿಯಿರಿ. ಗುರುತು ಹಾಕಿ, ಪೂರ್ತಿ ಒಣಗಿದ ಮೇಲೆ ಆಕ್ವಾಸೀಲ್ ಅಂಟು ಹಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಹೊಳೆಗೆ ಹೊರಡಬಹುದು.