ಕಾಡುದಾರಿಗೆ ಹಳೇ ಟ್ಯಾಬ್: ನನ್ನ ಅನುಭವ

"ಟ್ಯಾಬ್ ನಂಬ್ಕೊಂಡು ಬಿಸ್ಲೆ ಘಾಟಿ ಕಡೆ ಹೋಗ್ತೀಯಾ? ಎರಡನೇ ಗುಂಡಿಗೇ ಆಫ್ ಆಗುತ್ತೆ" ಅನ್ನುತ್ತಿದ್ದ ಗೆಳೆಯರೇ ಈಗ ನನ್ನ ಜಿಪ್ಸಿಯನ್ನು ಮುಂದೆ ಬಿಟ್ಟು ಹಿಂದೆ ಬರುತ್ತಾರೆ. ದಾರಿ ತೋರಿಸುವ ಆ ಟ್ಯಾಬ್ ಬೇಸಿಗೆ, ಮಳೆಗಾಲ ಎರಡನ್ನೂ ದಾಟಿದೆ.

ಮೊದಲು ದುಡ್ಡಿನ ವಿಷಯ. ಸುಮಾರು 18,000 ಕೊಟ್ಟು ಕಾರಿಗೆಂದೇ ಮಾಡಿದ ನ್ಯಾವಿಗೇಟರ್ ತಂದಿದ್ದೆ. ಟಾರ್ ರಸ್ತೆ ಮುಗಿದ ಕೂಡಲೇ ಪರದೆ ಖಾಲಿ. ಹೊರಗಿನ ನಕ್ಷೆ ಹಾಕಲೂ ಆಗದು. ಅರ್ಧ ಬೆಲೆಗೆ ಮಾರಿದೆ. ಗೆಳೆಯರೊಬ್ಬರು ವೈಫೈ ಮಾತ್ರ ಇರುವ ಐಪ್ಯಾಡ್ ತಂದರು. ಅದರಲ್ಲಿ ಜಿಪಿಎಸ್ಸೇ ಇರುವುದಿಲ್ಲ, ಸಿಮ್ ಹಾಕುವ ಮಾದರಿಯನ್ನೇ ತಗೊಳ್ಳಬೇಕು.

ನನ್ನದು 4,500ರ ಆಸುಪಾಸಿನ ಸೆಕೆಂಡ್‌ಹ್ಯಾಂಡ್ 8 ಇಂಚಿನ ಆಂಡ್ರಾಯ್ಡ್. ಒಳಗೆ ಓಸ್ಮ್ಯಾಂಡ್ ಅನ್ನೋ ನಕ್ಷೆ ಆಪ್, ಆಫ್‌ಲೈನ್ ನಕ್ಷೆ, ಎತ್ತರ-ತಗ್ಗು ತೋರಿಸುವ ಕಾಂಟೂರ್ ಗೆರೆ.

ಆಫ್ ಆಗುತ್ತಿದ್ದದ್ದು ನಿಜ. ಲೈಟರ್ ಸಾಕೆಟ್‌ನ ಪ್ಲಗ್ ಕುಲುಕಾಟಕ್ಕೆ ಸಡಿಲವಾಗಿ ಚಾರ್ಜ್ ನಿಲ್ಲುತ್ತಿತ್ತು. ಬೆಂಗಳೂರಿನ ಎಸ್.ಪಿ. ರೋಡಿನಿಂದ 200–250 ರೂಪಾಯಿಯ ಬಕ್ ಕನ್ವರ್ಟರ್ (ಗಾಡಿಯ ವೋಲ್ಟೇಜನ್ನು ಟ್ಯಾಬಿಗೆ ಬೇಕಾದಷ್ಟಕ್ಕೆ ಇಳಿಸುವ ಸಣ್ಣ ಬೋರ್ಡ್) ತಂದು, ಫ್ಯೂಸ್ ಬಾಕ್ಸಿನಿಂದ ನೇರ ವೈರ್ ಎಳೆದು ಬೆಸುಗೆ ಹಾಕಿದೆ. ಇನ್ನೊಂದು ಕಾಟ ಬಿಸಿಲು. ನನ್ನ ಗಾಡಿಗೆ ಎಸಿ ಇಲ್ಲ. ಚಾರ್ಜ್ ಆಗುವಾಗ ಟ್ಯಾಬ್ ಬೆನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಗಾಜಿನ ಹತ್ತಿರದಿಂದ ತೆಗೆದು ಗೇರ್ ಮುಂದೆ ಕೂರಿಸಿದೆ. ಬೆನ್ನಿಗೆ ಒಂದು ಬೆರಳಿನಷ್ಟು ಜಾಗ ಬಿಟ್ಟು 40 ಎಂಎಂ ಕಂಪ್ಯೂಟರ್ ಫ್ಯಾನ್ ಹಾಕಿದೆ. ಆಮೇಲೆ ಒಮ್ಮೆಯೂ ಕೈ ಕೊಟ್ಟಿಲ್ಲ.

ಮಳೆಹನಿ ಬಿದ್ದರೆ ಪರದೆ ಮೇಲಿನ ನಕ್ಷೆ ತಾನಾಗೇ ಓಡುತ್ತದೆ. ವಾಲ್ಯೂಮ್ ಬಟನ್ನಿಗೆ ಜೂಮ್ ಕೊಟ್ಟುಕೊಳ್ಳಿ. ನಡೆದ ದಾರಿ ದಾಖಲಿಸಲು ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ಅನ್ನೋ ಕೈಯಲ್ಲಿ ಹಿಡಿಯುವ ಜಿಪಿಎಸ್ ಇದೆ. ಎಲ್ಲ ಬಟನ್ನೇ, 2 ಎಎ ಸೆಲ್ಲಿಗೆ ಇಡೀ ದಿನ ಆರಾಮಾಗಿ ಬರುತ್ತದೆ.

ಸರ್ವೆ ಆಫ್ ಇಂಡಿಯಾದ ಹಳೇ ಟೋಪೋಶೀಟ್ (ಬೆಟ್ಟ, ಹಳ್ಳ, ದಾರಿ ತೋರಿಸುವ ಕಾಗದದ ನಕ್ಷೆ) ಸ್ಕ್ಯಾನ್ ಮಾಡಿಯೂ ನೋಡಿದೆ. ಹಳ್ಳ ಒಂದು ಕಡೆ, ಗಾಡಿ ಇನ್ನೊಂದು ಕಡೆ. ಆ ಹಾಳೆಗಳು ಎವರೆಸ್ಟ್ ಡೇಟಮ್‌ನವು, ನಮ್ಮ ಜಿಪಿಎಸ್ ಡಬ್ಲ್ಯುಜಿಎಸ್ 84; ಅಕ್ಷಾಂಶ-ರೇಖಾಂಶ ಅಳೆಯುವ ಆಧಾರವೇ (ಡೇಟಮ್) ಬೇರೆ ಬೇರೆ. ಡಬ್ಲ್ಯುಜಿಎಸ್ 84ರಲ್ಲೇ ಇರುವ ಅವರ 1:50,000ದ ಓಪನ್ ಸೀರೀಸ್ ಹಾಳೆ ಹಾಕಿದ ಮೇಲೆ ಹಳ್ಳದ ತಿರುವುಗಳೂ ಸರಿಯಾಗಿ ಕೂತವು.

ಎಸ್ಟೇಟ್ ದಾರಿಗಳನ್ನು ಮಾತ್ರ ನಾನೇ ಬರೆದುಕೊಂಡೆ. ಉಪಗ್ರಹ ಚಿತ್ರದಲ್ಲಿ ನೆರಳು ಮರ ಎಲ್ಲ ಮುಚ್ಚಿಬಿಡುತ್ತದೆ, ಅಲ್ವಾ? ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ತಿರುಗಿಸುತ್ತಾ ಮರಗಸಿ (ನೆರಳು ಮರದ ಕೊಂಬೆ ಕಡಿಯುವುದು) ಆದ ಮೇಲಿನದನ್ನು ಹುಡುಕಿ. ಅಲ್ಲಿಂದ ಮುಂದೆ ಜೀಪು ಹತ್ತುವ ದಾರಿ, ಹತ್ತದ ದಾರಿ ಹೇಗೆ ಬೇರೆ ಮಾಡುತ್ತೇನೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ತೋಟದವರ ಒಪ್ಪಿಗೆ ಇಲ್ಲದೆ ಗೇಟ್ ದಾಟಬೇಡಿ.

ಈಗ ಜಿಪಿಎಸ್‌ನ ಎಲ್1, ಎಲ್5 ಎರಡೂ ತರಂಗ ಹಿಡಿಯುವ ಫೋನ್ ಪಕ್ಕದಲ್ಲಿಟ್ಟು ಓಡಿಸುತ್ತಿದ್ದೇನೆ. ದಟ್ಟ ಮರದಡಿ ಟ್ಯಾಬ್‌ನ ಗೆರೆ 15–20 ಮೀಟರ್ ಆಚೀಚೆ ಹೋಗುವ ಕಡೆ ಫೋನಿನದು ದಾರಿ ಬಿಡುವುದಿಲ್ಲ. ಫೋನಿನ ಜಿಪಿಎಸ್ ಮಾಹಿತಿಯನ್ನು ಬ್ಲೂಟೂತ್‌ನಲ್ಲಿ ಟ್ಯಾಬಿಗೆ ಕೊಡುವ ಕೆಲಸ ಅರ್ಧ ಆಗಿದೆ.