ರೂಬೆನ್ಸ್‌ನ ಜೋಡಿ, ವಾತೋನ ಕೆಂಪು ಗೆರೆ

ಈ ಮಳೆಗಾಲದಲ್ಲಿ ಒಂದೇ ಚಿತ್ರವನ್ನು ಒಂಬತ್ತು ಸಲ ನಕಲು ಮಾಡಿದೆ. ಅದೂ ನಕಲಿನ ನಕಲು.

ಮೂಲ ಈಗಿನ ಬೆಲ್ಜಿಯಂನ ಆಂಟ್ವರ್ಪಿನ ಚಿತ್ರಕಾರ ರೂಬೆನ್ಸ್‌ನದು. 1635ರ ಸುಮಾರಿಗೆ ಅವನು ಬರೆದ ಹಳ್ಳಿ ಜಾತ್ರೆಯ ಚಿತ್ರ 'ಕೆರ್ಮೆಸ್' ಈಗ ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂನಲ್ಲಿದೆ. ತುಂಬಾ ಜನ. ಕುಡಿತ, ಕುಣಿತ, ತಳ್ಳಾಟ. ಆ ಗದ್ದಲದಿಂದ ಫ್ರಾನ್ಸಿನ ಚಿತ್ರಕಾರ ಆಂಟ್ವಾನ್ ವಾತೋ ಕುಣಿಯುವ ಒಂದೇ ಒಂದು ಜೋಡಿಯನ್ನು ಆರಿಸಿ, ಕೆಂಪು ಚಾಕಿನಲ್ಲಿ ಬರೆದುಕೊಂಡ. ಅವನು 1684ರಲ್ಲಿ ಹುಟ್ಟಿದ್ದು ವಾಲೆನ್ಸಿಯೆನ್‌ನಲ್ಲಿ. ಆ ಊರು ಫ್ರಾನ್ಸಿಗೆ ಸೇರಿದ್ದೇ 1678ರಲ್ಲಿ, ಅದಕ್ಕೆ ಮುಂಚೆ ಆಂಟ್ವರ್ಪ್ ಇದ್ದ ನಾಡಿನದೇ ಭಾಗ. ಫ್ಲೆಮಿಶ್, ಅಂದರೆ ರೂಬೆನ್ಸ್‌ನ ಕಡೆಯ ಚಿತ್ರಗಳು ಅವನಿಗೆ ಹೊರಗಿನವಲ್ಲ ಅಲ್ವಾ?

ನನ್ನ ಮೊದಲ ಮೂರು ಹಾಳೆಗಳು ಕೆಟ್ಟವು. ನಾನು ಹೊರಗೆರೆಯಿಂದ ಶುರು ಮಾಡಿದ್ದೆ. ತಲೆ, ಭುಜ, ತೋಳು, ಎಲ್ಲಾ ಅಳತೆಗೆ ಸರಿಯಾಗಿತ್ತು, ಆದರೆ ಇಬ್ಬರೂ ಸುಮ್ನೆ ನಿಂತ ಗೊಂಬೆಗಳ ಹಾಗಿದ್ದರು. ಆಮೇಲೆ ಚಾಕ್ ಕೆಳಗಿಟ್ಟು ಬರೀ ನೋಡಿದೆ. ಗಂಡಸು ಅವಳನ್ನು ಬಾಚಿ ತಬ್ಬಿದ್ದಾನೆ, ಅವಳ ಮೈ ಹಿಂದಕ್ಕೆ ಬಾಗಿದೆ. ಚಿತ್ರದ ಜೀವವೆಲ್ಲಾ ಆ ಬಾಗಿನಲ್ಲಿದೆ. ನಾಲ್ಕನೇ ಹಾಳೆಯಲ್ಲಿ ಮೊದಲು ಅದೊಂದೇ ಗೆರೆ ಎಳೆದೆ, ಭುಜದಿಂದ ಲಂಗದ ಅಂಚಿನವರೆಗೆ, ಕೈ ಎತ್ತದೆ. ಮುಖ, ಬೆರಳು ಕೊನೆಗೆ ಬಂದವು.

ಕೆಂಪು ಚಾಕ್ ಅಂದರೆ ಕಬ್ಬಿಣದ ಅಂಶವಿರುವ ಜೇಡಿಮಣ್ಣು. ನಮ್ಮ ಕಡೆ ಗೋಡೆಗೆ ಬಳಿಯುವ ಜಾಜಿಗೂ ಕೆಂಪು ಬರುವುದು ಅದೇ ಕಬ್ಬಿಣದಿಂದ. ಒಮ್ಮೆ ಒತ್ತಿ ಎಳೆದರೆ ಪೂರ್ತಿ ಅಳಿಸಲು ಆಗುವುದಿಲ್ಲ. ನಯವಾದ ಕಾಗದದ ಮೇಲೆ ಜಾರುತ್ತದೆ, ಸ್ವಲ್ಪ ಒರಟಾದ ಹಾಳೆ ಬೇಕು. ಚಾಕನ್ನು ಮಲಗಿಸಿ ಉಜ್ಜಿದರೆ ಬಟ್ಟೆಯ ಮೆದು ನೆರಳು ಬರುತ್ತದೆ. ತೋಳಿನ ಸಂದಿಗೆ, ಲಂಗದ ಮಡಿಕೆಯ ಆಳಕ್ಕೆ ತುದಿಯನ್ನು ನೀರಲ್ಲಿ ಅದ್ದಿ ಎಳೆದೆ. ಒಣಗಿದ ಮೇಲೆ ಅಲ್ಲಿ ಒಣ ಗೆರೆಗಿಂತ ಜಾಸ್ತಿ ಕಡುಬಣ್ಣ ಉಳಿಯಿತು. ರೂಬೆನ್ಸ್ ಬಣ್ಣ ಬಳಿದು ತೋರಿಸಿದ ಭಾರವನ್ನು ಇಂಥ ಚಾಕಿನಲ್ಲೇ ಹಿಡಿಯಬೇಕು. ನನಗೆ ಇದೇ ಎಲ್ಲಕ್ಕಿಂತ ಕಷ್ಟವಾಯಿತು.

ವಾತೋ ತನ್ನ ಕೆಂಪು ಚಾಕಿನ ಚಿತ್ರಗಳಿಂದ ಉಲ್ಟಾ ಅಚ್ಚು ತೆಗೆಯುತ್ತಿದ್ದ. ನಾನೂ ಮಾಡಿ ನೋಡಿದೆ. ಹಾಳೆಯೊಂದನ್ನು ಒದ್ದೆ ಬಟ್ಟೆಯಿಂದ ತೇವ ಮಾಡಿ, ಚಿತ್ರದ ಮೇಲಿಟ್ಟು, ಲಟ್ಟಣಿಗೆಯಿಂದ ಗಟ್ಟಿಯಾಗಿ ಒತ್ತಿದೆ. ಮೊದಲ ಸಲ ಏನೂ ಬರಲಿಲ್ಲ. ನಾನು ಬಳಸಿದ ಕಡ್ಡಿಯಲ್ಲಿ ಮೇಣ ಇತ್ತು, ಅದು ಕಾಗದ ಬಿಡುವುದಿಲ್ಲ. ಮೇಣವಿಲ್ಲದ ಚಾಕಿನಲ್ಲಿ ಬರೆದ ಹಾಳೆಯಿಂದ ತೆಳು ಗುಲಾಬಿ ಬಣ್ಣದ ಅಚ್ಚು ಎದ್ದಿತು. ಎಡ ಬಲವಾಗಿತ್ತು.

ಇದೇ ಜೋಡಿಯನ್ನು ವಾತೋ 1718ರ ಸುಮಾರಿನ ತನ್ನ 'ಲಾ ಸುರ್ಪ್ರೀಸ್' ಚಿತ್ರಕ್ಕೂ ತಂದ, ಪಕ್ಕದಲ್ಲಿ ಗಿಟಾರ್ ಹಿಡಿದವನನ್ನು ಕೂರಿಸಿದ. ಕಾಣೆಯಾಗಿದೆ ಅಂತಲೇ ತುಂಬಾ ಕಾಲ ಅಂದುಕೊಂಡಿದ್ದ ಆ ಚಿತ್ರ 2017ರಿಂದ ಅಮೆರಿಕದ ಗೆಟ್ಟಿ ಮ್ಯೂಸಿಯಂನಲ್ಲಿದೆ. ಅದರ ಮುದ್ರಣದ ಪಕ್ಕ ನನ್ನ ಉಲ್ಟಾ ಅಚ್ಚನ್ನು ಗೋಡೆಗೆ ಅಂಟಿಸಿದೆ. ನೇರ ನೋಡಿದಾಗ ಕಾಣದ ತಪ್ಪು ಉಲ್ಟಾದಲ್ಲಿ ತಟ್ಟನೆ ಕಂಡಿತು: ಅವಳ ಭುಜವನ್ನು ಒಂದು ಬೆರಳು ಅಗಲ ಮೇಲೆ ಬರೆದಿದ್ದೆ. ಒಂಬತ್ತನೇ ಹಾಳೆಯಲ್ಲಿ ಅದನ್ನು ಇಳಿಸಿದೆ.